ಬಾನೆಟ್‌ನಿಂದ ಕಾರಿನೊಳಗೆ ವೈರ್ ತರುವುದು: ಮಳೆ ಜಾಸ್ತಿ ಇರುವ ಊರಿನವರಿಗೆ ಒಂದು ಮಾರ್ಗದರ್ಶಿ

ಕಾರಿಗೆ ಫಾಗ್ ಲ್ಯಾಂಪ್ ಹಾಕಬೇಕು, ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಕೂರಿಸಬೇಕು ಅಂತ ಹೊರಟವರೆಲ್ಲ ಒಂದು ಕಡೆ ಬಂದು ನಿಲ್ಲುತ್ತಾರೆ. ಬ್ಯಾಟರಿ ಬಾನೆಟ್ ಕೆಳಗಿದೆ. ಸ್ವಿಚ್ ಒಳಗಿರಬೇಕು. ನಡುವೆ ಅಡ್ಡಲಾಗಿ ಒಂದು ತಗಡಿನ ಗೋಡೆ. ಇದನ್ನೇ ಫೈರ್‌ವಾಲ್ ಅನ್ನುವುದು. ಎಂಜಿನ್‌ನ ಬಿಸಿ, ಹೊಗೆ, ಶಬ್ದ ಒಳಗೆ ಬಾರದಂತೆ ತಡೆಯುವುದು ಅದರ ಕೆಲಸ. ಅದನ್ನು ದಾಟಿಸಿ ವೈರ್ ತರುವುದು ಅಂಥ ಕಷ್ಟವೇನಲ್ಲ. ಆದರೆ ಹೊಸದಾಗಿ ಹಾಕಿದ ವೈರಿಂಗ್ ಕೈಕೊಡುವುದು ಬಹಳ ಸಲ ಇದೇ ಜಾಗದಲ್ಲಿ. ತಗಡಿನ ಅಂಚು ಚೂಪಾಗಿರುತ್ತದೆ. ಗಾಡಿ ಅಲುಗಾಡಿದಷ್ಟೂ ವೈರಿನ ಮೇಲಿನ ಪ್ಲಾಸ್ಟಿಕ್ ಸವೆಯುತ್ತದೆ, ಒಂದು ದಿನ ತಾಮ್ರ ತಗಡಿಗೆ ತಾಗುತ್ತದೆ. ಫ್ಯೂಸ್ ಇದ್ದರೆ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ವೈರ್ ಕಾದು ಬೆಂಕಿ ಹಿಡಿಯುತ್ತದೆ.

ನಮ್ಮ ಕಾಸರಗೋಡಿನಲ್ಲಿ ಇದರ ಜೊತೆಗೆ ಇನ್ನೂ ಕೆಲವು ಸಂಗತಿ ಸೇರಿಕೊಳ್ಳುತ್ತವೆ. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಉಪ್ಪುಗಾಳಿ. ಬದಿಯಡ್ಕ, ಮುಳ್ಳೇರಿಯ ಕಡೆ ತೋಟದ ಬದಿಯ ಶೆಡ್‌ನಲ್ಲಿ ಗಾಡಿ ನಿಲ್ಲಿಸುವವರಿಗೆ ಇಲಿ ಕಾಟ. ಹಾಗಾಗಿ ಇಲ್ಲಿ ವೈರ್ ದಾಟಿಸಿದರೆ ಸಾಲದು. ದಾಟಿದ ಜಾಗದಲ್ಲಿ ನೀರು ಇಳಿಯಬಾರದು, ತುಕ್ಕು ಹಿಡಿಯಬಾರದು, ಇಲಿ ನುಗ್ಗಬಾರದು. ಈ ಲೇಖನದಲ್ಲಿ ಹೆಚ್ಚು ಮಾತು ಅದರ ಬಗ್ಗೆಯೇ ಇದೆ.

ನಿಜಕ್ಕೂ ದಾಟಿಸಬೇಕಾ?

ಮೊದಲು ಇದನ್ನು ಕೇಳಿಕೊಳ್ಳಿ. ಡ್ಯಾಶ್‌ಕ್ಯಾಮ್, ಮೊಬೈಲ್ ಚಾರ್ಜರ್, ರಿವರ್ಸ್ ಕ್ಯಾಮೆರಾ ಪರದೆ, ಜಿಪಿಎಸ್ ಟ್ರ್ಯಾಕರ್ ಇವಕ್ಕೆಲ್ಲ ಬೇಕಾಗುವ ಕರೆಂಟ್ ತೀರಾ ಕಡಿಮೆ. ಇವಕ್ಕೆ ಬ್ಯಾಟರಿ ತನಕ ಹೋಗುವ ಅಗತ್ಯವೇ ಇಲ್ಲ. ಸ್ಟಿಯರಿಂಗ್ ಕೆಳಗೋ ಗ್ಲೋವ್ ಬಾಕ್ಸ್ ಹಿಂದೆಯೋ ಇರುವ ಒಳಗಿನ ಫ್ಯೂಸ್ ಬಾಕ್ಸ್‌ನಿಂದ ಫ್ಯೂಸ್ ಟ್ಯಾಪ್ (ಇರುವ ಫ್ಯೂಸ್‌ನ ಜಾಗದಲ್ಲಿ ಕೂರಿಸಿ ಇನ್ನೊಂದು ವೈರ್ ತೆಗೆಯುವ ಕೊಂಡಿ) ಹಾಕಿ ಕರೆಂಟ್ ತೆಗೆದುಕೊಳ್ಳಬಹುದು. ಸಿಗರೇಟ್ ಲೈಟರ್ ಸಾಕೆಟ್‌ನ ಫ್ಯೂಸ್ ಇದಕ್ಕೆ ಸರಿಯಾದದ್ದು. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರ್ ಫ್ಯೂಸ್‌ಗಳ ತಂಟೆಗೆ ಮಾತ್ರ ಹೋಗಬೇಡಿ.

ಆಂಪ್ಲಿಫೈಯರ್, ಫಾಗ್ ಲ್ಯಾಂಪ್, ಹಾರ್ನ್ ರಿಲೇ, ದೊಡ್ಡ ಇನ್ವರ್ಟರ್, ಟೈರಿಗೆ ಗಾಳಿ ಹಾಕುವ ದೊಡ್ಡ ಕಂಪ್ರೆಸರ್ ಇಂಥವಕ್ಕೆ ಮಾತ್ರ ಫೈರ್‌ವಾಲ್ ದಾಟುವ ಪ್ರಶ್ನೆ ಬರುತ್ತದೆ. ಹಳೆಯ ಓಮ್ನಿ ಇರುವವರು ಗಮನಿಸಿ, ಅದರ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ. ಹಾಗಾಗಿ ಇಲ್ಲಿ ಹೇಳುವ ಜಾಗಗಳು ಅದಕ್ಕೆ ಹೊಂದುವುದಿಲ್ಲ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಗಾಡಿಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಿರುತ್ತವೆ. ಅವುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಅಂಥ ಗಾಡಿಯಲ್ಲಿ ಈ ಕೆಲಸವನ್ನು ಮನೆಯಲ್ಲಿ ಮಾಡಲೇಬೇಡಿ.

ಹೆಚ್ಚುವರಿ ಲೈಟ್ ಬಗ್ಗೆ ಇನ್ನೊಂದು ಮಾತು. ಕಂಪನಿ ಕೊಟ್ಟ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಡ್ಡಿ ಬರುತ್ತದೆ, 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು. ಕೇರಳದ ಮೋಟಾರು ವಾಹನ ಇಲಾಖೆ ಈ ವಿಷಯದಲ್ಲಿ ಬಿಗಿ. ನಿಮ್ಮ ಮಾಡೆಲ್‌ನ ಮೇಲಿನ ದರ್ಜೆಯಲ್ಲಿ ಕಂಪನಿಯೇ ಕೊಡುವ ಫಾಗ್ ಲ್ಯಾಂಪ್ ಅನ್ನು ಬಂಪರ್‌ನಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಹಾಕುವುದು ಬೇರೆ, ಮೇಲೆ ಉದ್ದನೆಯ ಎಲ್‌ಇಡಿ ಬಾರ್ ಕೂರಿಸುವುದು ಬೇರೆ. ಸಾಮಾನು ಕೊಳ್ಳುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ಕೇಳಿ.

ದಪ್ಪ ವೈರ್ ಬಾನೆಟ್ ಕೆಳಗೇ ಇರಲಿ

ಪಾಣತ್ತೂರಿನಿಂದ ಭಾಗಮಂಡಲಕ್ಕೋ ಸುಳ್ಯದಿಂದ ಸಂಪಾಜೆ ಘಾಟಿಯಲ್ಲಿ ಮಡಿಕೇರಿಗೋ ಮಳೆಗಾಲದಲ್ಲಿ ಹೋಗುವವರಿಗೆ ಫಾಗ್ ಲ್ಯಾಂಪ್ ಬೆಲೆ ಗೊತ್ತಿರುತ್ತದೆ. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

55 ವಾಟ್‌ನ ಎರಡು ಬಲ್ಬ್ ಅಂದರೆ 110 ವಾಟ್. 12 ವೋಲ್ಟ್‌ಗೆ ಲೆಕ್ಕ ಹಾಕಿದರೆ ಸುಮಾರು 9 ಆಂಪಿಯರ್. ಈ 9 ಆಂಪಿಯರ್ ಅನ್ನು ಒಳಗಿನ ಸ್ವಿಚ್ ತನಕ ತಂದು ಮತ್ತೆ ಹೊರಗೆ ಕಳಿಸುವವರಿದ್ದಾರೆ. ಅದು ಬೇಡ. ಸ್ವಿಚ್ ಸುಡುತ್ತದೆ, ವೈರ್ ಉದ್ದವಾದಷ್ಟೂ ಬೆಳಕು ಮಂಕಾಗುತ್ತದೆ. 1 ಚದರ ಮಿಲಿಮೀಟರ್‌ನ 4 ಮೀಟರ್ ವೈರಿನಲ್ಲಿ ಇಷ್ಟು ಕರೆಂಟ್ ಹರಿದರೆ ಅರ್ಧ ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. 2.5 ಚದರ ಮಿಲಿಮೀಟರ್ ಆದರೆ ಕಾಲು ವೋಲ್ಟ್ ಅಷ್ಟೇ.

ರಿಲೇ ಹಾಕಿ, ಅಂದರೆ ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟ್ ಅನ್ನು ಆನ್ ಮಾಡುವ ಪುಟ್ಟ ಸ್ವಿಚ್ ಪೆಟ್ಟಿಗೆ. ರಿಲೇ ಬಾನೆಟ್ ಕೆಳಗೇ ಇರಲಿ. ಅದರ 30 ನಂಬರ್ ಪಿನ್‌ಗೆ ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ ಕರೆಂಟ್. 87ರಿಂದ ಲ್ಯಾಂಪ್‌ಗೆ. 85 ಮತ್ತು 86 ಒಳಗಿನ ಕಾಯಿಲ್‌ನ ಎರಡು ತುದಿಗಳು, ಆ ಕಾಯಿಲ್‌ಗೆ ಬೇಕಾಗುವುದು 0.2 ಆಂಪಿಯರ್‌ನ ಆಸುಪಾಸು. ಐದು ಪಿನ್‌ನ ರಿಲೇ ಆದರೆ ನಡುವಿನ 87ಎ ಪಿನ್ ಬಗ್ಗೆ ಎಚ್ಚರ ಇರಲಿ. ರಿಲೇ ಆಫ್ ಇದ್ದಾಗ ಅದರಲ್ಲಿ ಕರೆಂಟ್ ಇರುತ್ತದೆ. ಅದಕ್ಕೆ ಏನನ್ನೂ ಜೋಡಿಸಬೇಡಿ, ಟೇಪ್ ಸುತ್ತಿಬಿಡಿ.

ಈಗ ಮುಖ್ಯ ವಿಷಯ. 86ಕ್ಕೆ ಬೇಕಾದ ಪಾಸಿಟಿವ್ ಅನ್ನು ಬಾನೆಟ್ ಕೆಳಗೇ ಪಾರ್ಕಿಂಗ್ ಲ್ಯಾಂಪ್ ವೈರಿನಿಂದ, 3 ಆಂಪಿಯರ್ ಫ್ಯೂಸ್ ಹಾಕಿ ತೆಗೆದುಕೊಳ್ಳಿ. 85ರಿಂದ ಒಂದೇ ಒಂದು ತೆಳ್ಳಗಿನ ವೈರ್ ಫೈರ್‌ವಾಲ್ ದಾಟಿ ಸ್ವಿಚ್‌ಗೆ ಬರಲಿ, ಸ್ವಿಚ್‌ನ ಇನ್ನೊಂದು ಕಾಲು ಗಾಡಿಯ ಬಾಡಿಗೆ (ಬ್ಯಾಟರಿಯ ನೆಗೆಟಿವ್ ಸೇರಿರುವ ತಗಡು) ಅರ್ತ್ ಆಗಲಿ. ಅಂದರೆ ಸ್ವಿಚ್ ಒತ್ತಿದಾಗ ಅದು ಅರ್ತ್ ಕೊಡುತ್ತದೆ. ಇದರ ಲಾಭ ಏನು ಗೊತ್ತಾ? ನಾಳೆ ಯಾವತ್ತೋ ಫೈರ್‌ವಾಲ್‌ನಲ್ಲಿ ಆ ವೈರ್ ಉಜ್ಜಿ ತಗಡಿಗೆ ತಾಗಿತು ಅಂದುಕೊಳ್ಳಿ. ಶಾರ್ಟ್ ಆಗುವುದಿಲ್ಲ. ಬೆಂಕಿಯ ಮಾತೇ ಇಲ್ಲ. ಪಾರ್ಕಿಂಗ್ ಲೈಟ್ ಹಾಕಿದಾಗ ಫಾಗ್ ಲ್ಯಾಂಪ್ ತಾನಾಗಿ ಉರಿಯುತ್ತದೆ, ನಿಮಗೆ ತೊಂದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಎಷ್ಟೋ ರೆಡಿಮೇಡ್ ಕಿಟ್‌ಗಳಲ್ಲಿ ಪಾಸಿಟಿವ್ ಅನ್ನೇ ಒಳಗೆ ತಂದಿರುತ್ತಾರೆ. ಕಿಟ್ ಬಿಚ್ಚಿ ಒಮ್ಮೆ ನೋಡಿ, ಹಾಗಿದ್ದರೆ ಬದಲಿಸಿಕೊಳ್ಳಿ. ಸ್ವಿಚ್‌ನೊಳಗೆ ದೀಪ ಇದ್ದರೆ ಅದಕ್ಕೆ ಬೇಕಾದ ಪಾಸಿಟಿವ್ ಅನ್ನು ಒಳಗಿನ ಫ್ಯೂಸ್ ಬಾಕ್ಸ್‌ನಿಂದ ಕೊಡಿ.

ಇತ್ತೀಚಿನ ಕಾರುಗಳಲ್ಲಿ ಲೈಟ್‌ಗಳನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಅಂಥ ವೈರಿಗೆ ಕೊಂಡಿ ಹಾಕಿದರೆ ಮೀಟರಿನಲ್ಲಿ ಎಚ್ಚರಿಕೆಯ ದೀಪ ಬರಬಹುದು. ಅಲ್ಲಿ ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟ್ ಬರುವ ಒಂದು ಸಾದಾ ಫ್ಯೂಸ್‌ನಿಂದ ತೆಗೆದುಕೊಳ್ಳಿ.

ಆಂಪ್ಲಿಫೈಯರ್‌ಗೆ ಈ ಉಪಾಯ ಇಲ್ಲ. ಅದಕ್ಕೆ ದಪ್ಪ ಪಾಸಿಟಿವ್ ಒಳಗೆ ಬರಲೇಬೇಕು. ಹಾಗಾಗಿ ಅಲ್ಲಿ ಫ್ಯೂಸ್ ಮತ್ತು ತೂತಿಗೆ ಹಾಕುವ ರಬ್ಬರ್ ಎರಡರಲ್ಲೂ ಜಿಪುಣತನ ಬೇಡ.

ಸಾಮಾನು

ಮನೆ ವೈರಿಂಗ್‌ನಲ್ಲಿ ಉಳಿದ ತುಂಡು ವೈರ್ ಬಳಸಬೇಡಿ. ಸಾಮಾನ್ಯ ಪಿವಿಸಿ ವೈರ್ 70 ಡಿಗ್ರಿ ಸೆಲ್ಸಿಯಸ್ ತನಕ ಮಾತ್ರ ತಡೆಯುತ್ತದೆ, ಎಂಜಿನ್ ಬದಿಯಲ್ಲಿ ಅದು ಗಟ್ಟಿಯಾಗಿ ಬಿರಿಯುತ್ತದೆ. ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 105 ಡಿಗ್ರಿಯ ಆಟೋ ವೈರ್ ಕೇಳಿ. ಸ್ವಿಚ್ ವೈರಿಗೆ 1 ಚದರ ಮಿಲಿಮೀಟರ್, ಫಾಗ್ ಲ್ಯಾಂಪ್‌ಗೆ 2.5. ಇವುಗಳ ಜೊತೆಗೆ ವೈರಿನ ಮೇಲೆ ಹಾಕುವ ಸೀಳಿರುವ ಸುರುಳಿ ಪೈಪ್, ಹೀಟ್ ಶ್ರಿಂಕ್ ಟ್ಯೂಬ್, ಕೇಬಲ್ ಟೈ, ಕ್ರಿಂಪ್ ಮಾಡುವ (ವೈರಿನ ತುದಿಗೆ ಒತ್ತಿ ಬಿಗಿಯುವ) ಲಗ್‌ಗಳು, ಮುಚ್ಚಳ ಇರುವ ಫ್ಯೂಸ್ ಹೋಲ್ಡರ್, ಬೇರೆ ಬೇರೆ ಅಳತೆಯ ರಬ್ಬರ್ ಗ್ರೊಮೆಟ್ (ವೈರ್ ಉಜ್ಜದಂತೆ ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ). ಒಂದು ಮಲ್ಟಿಮೀಟರ್ ಇರಲೇಬೇಕು, ಟಾರ್ಚ್ ಕೂಡ.

ಸಂದಿ ಮುಚ್ಚಲು ಸಿಲಿಕೋನ್ ಕೊಳ್ಳುವಾಗ ಒಂದು ವಿಷಯ ನೋಡಿ. ವಿನೆಗರ್ ವಾಸನೆ ಬರುವ ಸಿಲಿಕೋನ್‌ನಲ್ಲಿ ಆಮ್ಲ ಇರುತ್ತದೆ, ಅದು ತಾಮ್ರವನ್ನೂ ತಗಡನ್ನೂ ತಿನ್ನುತ್ತದೆ. ಟ್ಯೂಬ್ ಮೇಲೆ ನ್ಯೂಟ್ರಲ್ ಕ್ಯೂರ್ ಅಂತ ಬರೆದದ್ದೇ ಬೇಕು. ಸ್ವಲ್ಪ ದುಡ್ಡು ಜಾಸ್ತಿ, ಆದರೆ ಉಪ್ಪುಗಾಳಿಯ ಊರಿನಲ್ಲಿ ಈ ವ್ಯತ್ಯಾಸ ದೊಡ್ಡದು.

ಕೆಲಸ ಶುರು ಮಾಡುವ ಮೊದಲು

ಕೀ ತೆಗೆಯಿರಿ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ತುದಿಗೆ ಬಟ್ಟೆ ಸುತ್ತಿ ದೂರ ಇಡಿ. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ. ಮ್ಯೂಸಿಕ್ ಸಿಸ್ಟಮ್‌ಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ.

ನಂತರ ಹತ್ತು ನಿಮಿಷ ಸುಮ್ನೆ ಬಿಡಿ. ಇದು ಏರ್‌ಬ್ಯಾಗ್ ಕಾರಣಕ್ಕೆ. 2019ರ ಜುಲೈ ನಂತರದ ಕಾರುಗಳಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ, ಅದಕ್ಕಿಂತ ಹಳೆಯ ಎಷ್ಟೋ ಕಾರುಗಳಲ್ಲೂ ಇದೆ. ಬ್ಯಾಟರಿ ಬಿಚ್ಚಿದ ಮೇಲೂ ಅದರ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಹಳದಿ ಕನೆಕ್ಟರ್, ಹಳದಿ ಹೊದಿಕೆಯ ವೈರ್ ಕಂಡರೆ ಅದು ಏರ್‌ಬ್ಯಾಗ್‌ನದ್ದು. ಮುಟ್ಟಬೇಡಿ, ಅದಕ್ಕೆ ಕೇಬಲ್ ಟೈ ಕೂಡ ಹಾಕಬೇಡಿ, ಮಲ್ಟಿಮೀಟರ್ ಕಡ್ಡಿಯನ್ನಂತೂ ತಾಗಿಸಲೇಬೇಡಿ.

ತೂತು ಹುಡುಕುವುದು

ಹೊಸ ತೂತು ಕೊರೆಯುವುದು ಕೊನೆಯ ಉಪಾಯ. ಕಂಪನಿಯವರು ಮಾಡಿಟ್ಟ ತೂತು ಎಲ್ಲೋ ಇದ್ದೇ ಇರುತ್ತದೆ, ಹುಡುಕಲು ತಾಳ್ಮೆ ಬೇಕು ಅಷ್ಟೇ.

ಸಂಜೆ ಕತ್ತಲಾದ ಮೇಲೆ ಹುಡುಕಿದರೆ ಸುಲಭ. ಒಬ್ಬರು ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಿಡಿದು ಮಲಗಲಿ, ಇನ್ನೊಬ್ಬರು ಬಾನೆಟ್ ಕಡೆಯಿಂದ ನೋಡಲಿ. ಬೆಳಕು ಸೋರುವ ಜಾಗ ಕಾಣುತ್ತದೆ. ರಬ್ಬರ್ ಮುಚ್ಚಳ ಇರುವಲ್ಲಿ ಬೆಳಕು ಬಾರದು, ಅದನ್ನು ಬೆರಳಿನಿಂದ ಒತ್ತಿ ನೋಡಿದರೆ ಆ ಕಡೆಯವರಿಗೆ ಅಲುಗಾಡುವುದು ಕಾಣುತ್ತದೆ. ಪೆಡಲ್‌ಗಳ ಮೇಲೆ, ಗ್ಲೋವ್ ಬಾಕ್ಸ್ ಹಿಂದೆ, ಕಾಲಿಡುವ ಕಾರ್ಪೆಟ್‌ನ ಮೇಲಿನ ಅಂಚನ್ನು ಸ್ವಲ್ಪ ಸರಿಸಿ ನೋಡಬೇಕು.

ಎಲ್ಲಕ್ಕಿಂತ ಒಳ್ಳೆಯದು ಖಾಲಿ ರಬ್ಬರ್ ಮುಚ್ಚಳ. ಒಂದೇ ಮಾಡೆಲ್ ಅನ್ನು ಗೇರ್ ಇರುವುದು, ಆಟೋಮ್ಯಾಟಿಕ್ ಅಂತ ಎರಡು ರೀತಿ ಮಾಡುತ್ತಾರೆ. ಕೆಲವನ್ನು ಎಡಗಡೆ ಸ್ಟಿಯರಿಂಗ್‌ನ ದೇಶಗಳಿಗೂ ಕಳಿಸುತ್ತಾರೆ. ಬಾಡಿ ಬಹುಮಟ್ಟಿಗೆ ಒಂದೇ. ಹಾಗಾಗಿ ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್‌ನ ತೂತನ್ನು ಮುಚ್ಚಳ ಹಾಕಿ ಬಿಟ್ಟಿರಬಹುದು, ನಮ್ಮ ಗಾಡಿಗಳ ಎಡಬದಿಯಲ್ಲೂ ಹೀಗೆ ಬಳಸದ ತೂತು ಸಿಗಬಹುದು. ಅದರ ಮುಚ್ಚಳ ತೆಗೆದು ಅದೇ ಅಳತೆಯ ಗ್ರೊಮೆಟ್ ಹಾಕಿದರೆ ಮುಗಿಯಿತು.

ಅದು ಸಿಗದಿದ್ದರೆ ಕಂಪನಿಯ ದೊಡ್ಡ ವೈರಿಂಗ್ ಒಳಗೆ ಬರುವ ದಪ್ಪ ಗ್ರೊಮೆಟ್ ನೋಡಿ. ಕೆಲವದರಲ್ಲಿ ಹೆಚ್ಚುವರಿ ವೈರಿಗೆಂದೇ ಮುಚ್ಚಿದ ತುದಿಯ ಒಂದು ರಬ್ಬರ್ ಮೊಲೆತೊಟ್ಟು ಇರುತ್ತದೆ, ತುದಿ ಕತ್ತರಿಸಿದರೆ ದಾರಿ ಸಿದ್ಧ. ಬಾನೆಟ್ ತೆರೆಯುವ ಕೇಬಲ್ ಬರುವ ಗ್ರೊಮೆಟ್ ಮೂಲಕ ಒಂದು ತೆಳು ವೈರ್ ತರಬಹುದು, ಆದರೆ ಕೇಬಲ್ ಎಳೆದಾಗ ವೈರ್ ಜೊತೆಗೆ ಎಳೆಯಬಾರದು.

ಸ್ಟಿಯರಿಂಗ್ ಕಂಬದ ರಬ್ಬರ್ ಮೂಲಕ ತರಬೇಡಿ, ಒಳಗೆ ತಿರುಗುವ ಶಾಫ್ಟ್ ಇದೆ. ಎಸಿ ನೀರು ಹೊರಹೋಗುವ ಪೈಪ್ ಒಳಗೂ ಬೇಡ, ನೀರು ಕಟ್ಟಿಕೊಂಡು ಕಾರ್ಪೆಟ್‌ಗೆ ಇಳಿಯುತ್ತದೆ. ಬಾಗಿಲಿನ ಸಂದಿಯಿಂದ ವೈರ್ ತಂದದ್ದನ್ನು ಜೀಪುಗಳಲ್ಲಿ ಆಗಾಗ ನೋಡುತ್ತೇವೆ. ಬಾಗಿಲು ಹಾಕಿದಾಗಲೆಲ್ಲ ವೈರ್ ಜಜ್ಜಿಹೋಗುತ್ತದೆ, ಮಳೆ ನೀರು ಅದರ ಗುಂಟ ಒಳಗೆ ಬರುತ್ತದೆ.

ವೈರ್ ಎಳೆಯುವುದು

ದೊಡ್ಡ ಗ್ರೊಮೆಟ್ ಚುಚ್ಚಬೇಕಾದರೆ ಚಾಕು, ಸ್ಕ್ರೂಡ್ರೈವರ್ ಬೇಡ. ಅದರೊಳಗೆ ಎಂಜಿನ್ ಕಂಪ್ಯೂಟರ್‌ನ ವೈರ್‌ಗಳೂ ಇರಬಹುದು, ಒಂದಕ್ಕೆ ಗೀರು ಬಿದ್ದರೂ ಆ ತೊಂದರೆ ಹುಡುಕುವುದರಲ್ಲಿ ಸಾಕಾಗಿಹೋಗುತ್ತದೆ. ಗ್ರೊಮೆಟ್‌ನ ಹೊರ ಅಂಚಿನ ಹತ್ತಿರ, ವೈರ್‌ಗಳ ಕಟ್ಟಿನಿಂದ ದೂರ, ಬರೀ ರಬ್ಬರ್ ಇರುವ ಜಾಗ ಆರಿಸಿ. ಸೈಕಲ್ ಚಕ್ರದ ಸ್ಪೋಕ್ ಒಂದನ್ನು ತೆಗೆದುಕೊಂಡು ತುದಿಯನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ. ಸೋಪು ನೀರು ಹಚ್ಚಿ ನಿಧಾನಕ್ಕೆ ತಿರುಗಿಸುತ್ತಾ ಒತ್ತಿ. ಎಂಜಿನ್ ಆಯಿಲ್, ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಸ್ಪೋಕ್ ಆ ಕಡೆ ಬಂದ ಮೇಲೆ ವೈರಿನ ತುದಿಯನ್ನು ಅದಕ್ಕೆ ಸೇರಿಸಿ ಟೇಪ್ ಬಿಗಿಯಾಗಿ ಸುತ್ತಿ, ಮುಂದಕ್ಕೆ ಚೂಪಾಗುತ್ತಾ ಹೋಗುವ ಹಾಗೆ. ಒಬ್ಬರು ಎಳೆಯಲಿ, ಒಬ್ಬರು ಈ ಕಡೆಯಿಂದ ತಳ್ಳಿಕೊಡಲಿ. ತೆಳ್ಳಗಿನ ವೈರಿಗೆ ಇನ್ನೊಂದು ಸುಲಭ ದಾರಿ ಇದೆ. ಗಟ್ಟಿ ಪ್ಲಾಸ್ಟಿಕ್ಕಿನ ಸಣ್ಣ ಕೊಳವೆಯನ್ನು ಮೊದಲು ರಬ್ಬರ್‌ನಲ್ಲಿ ತೂರಿಸಿ, ವೈರನ್ನು ಕೊಳವೆಯ ಒಳಗಿನಿಂದ ಕಳಿಸಿ, ನಂತರ ಕೊಳವೆಯನ್ನು ಎಳೆದು ತೆಗೆಯಿರಿ. ರಬ್ಬರ್ ತಾನೇ ವೈರನ್ನು ಅಪ್ಪಿ ಹಿಡಿಯುತ್ತದೆ. ಲಗ್ ಕ್ರಿಂಪ್ ಮಾಡುವುದು ವೈರ್ ದಾಟಿದ ಮೇಲೆ. ಮೊದಲೇ ಮಾಡಿದರೆ ತೂತು ದೊಡ್ಡದು ಬೇಕಾಗುತ್ತದೆ. ಗ್ರೊಮೆಟ್ ಒಳಗೆ ಜೋಡಣೆ ಬರಲೇಬಾರದು, ಅಲ್ಲಿ ಇಡೀ ವೈರ್ ಇರಲಿ.

ಕೊರೆಯಲೇಬೇಕಾದರೆ

ಆಂಪ್ಲಿಫೈಯರ್‌ನ ದಪ್ಪ ಕೇಬಲ್‌ಗೆ ಕೆಲವು ಗಾಡಿಯಲ್ಲಿ ಬೇರೆ ದಾರಿ ಇರುವುದಿಲ್ಲ. ಆಗ ಎರಡೂ ಕಡೆ ನೋಡಿ, ಮತ್ತೆ ನೋಡಿ. ತಗಡಿನ ಹಿಂದೆ ಬ್ರೇಕ್ ಬೂಸ್ಟರ್, ಬ್ರೇಕ್ ಪೈಪ್, ಎಸಿಯ ಬ್ಲೋವರ್ ಪೆಟ್ಟಿಗೆ, ವೈರಿಂಗ್ ಇರುತ್ತವೆ. ಎರಡೂ ಕಡೆಯಿಂದ ಕಾಣುವ ಒಂದು ಬೋಲ್ಟ್ ಹಿಡಿದುಕೊಂಡು ಅದರಿಂದ ಅಳತೆ ಮಾಡಿ. ಡ್ರಿಲ್ ಬಿಟ್‌ನ ತುದಿ ಒಂದು ಸೆಂಟಿಮೀಟರ್ ಮಾತ್ರ ಹೊರಗೆ ಉಳಿಯುವಂತೆ ಬಿಟ್‌ಗೆ ಮರದ ತುಂಡು ತೂರಿಸಿ, ಆಗ ಅದು ಜಾರಿ ಆಳಕ್ಕೆ ಹೋಗುವುದಿಲ್ಲ. ಮೊದಲು 3 ಮಿಲಿಮೀಟರ್ ತೂತು, ಆಮೇಲೆ ಸ್ಟೆಪ್ ಡ್ರಿಲ್‌ನಿಂದ ದೊಡ್ಡದು.

ಅಂಚನ್ನು ಅರದಿಂದ ನುಣ್ಣಗೆ ಮಾಡಿ. ಲೋಹದ ಪುಡಿಯನ್ನು ಅಯಸ್ಕಾಂತದಿಂದ ಎತ್ತಿ, ಬಿಟ್ಟರೆ ಒಂದೇ ಮಳೆಗಾಲದಲ್ಲಿ ಅದು ತುಕ್ಕಿನ ಚುಕ್ಕೆಯಾಗುತ್ತದೆ. ಕತ್ತರಿಸಿದ ಅಂಚಿಗೆ ಪ್ರೈಮರ್, ಅದರ ಮೇಲೆ ಪೇಂಟ್ ಎರಡು ಸಲ, ಪೂರ್ತಿ ಒಣಗಲಿ. ನಂತರವೇ ಗ್ರೊಮೆಟ್. ಈ ಹಂತವನ್ನು ಅವಸರದಲ್ಲಿ ಬಿಡುವವರೇ ಜಾಸ್ತಿ, ನಮ್ಮ ಊರಿನಲ್ಲಿ ಬಿಡಲೇಬಾರದ ಹಂತವೂ ಇದೇ. ವಾರಂಟಿ ಇನ್ನೂ ಇರುವ ಗಾಡಿಯಾದರೆ ಕೊರೆಯುವ ಮೊದಲು ಶೋರೂಮ್‌ನಲ್ಲಿ ವಿಚಾರಿಸಿ.

ನೀರು ತಡೆಯುವುದು

ವೈಪರ್ ಕೆಳಗೆ ಎಲೆ ಕಸ ಸೇರುವ ಒಂದು ತೊಟ್ಟಿಯಂಥ ಜಾಗ ಇದೆ ಅಲ್ವಾ, ಗ್ಲಾಸಿನ ಮೇಲೆ ಬಿದ್ದ ನೀರೆಲ್ಲ ಅಲ್ಲಿಗೇ ಬರುತ್ತದೆ. ಅದರ ನೀರು ಹೋಗುವ ದಾರಿ ಕಟ್ಟಿದರೆ ನೀರು ತುಂಬಿ ಫೈರ್‌ವಾಲ್ ಮೇಲೆ ಇಳಿಯುತ್ತದೆ. ಮೊದಲು ಅದನ್ನು ಚೊಕ್ಕ ಮಾಡಿ.

ವೈರ್ ಗುಂಟ ನೀರು ಇಳಿದು ಬರುತ್ತದೆ. ಹಾಗಾಗಿ ಬಾನೆಟ್ ಕಡೆಯಲ್ಲಿ ವೈರ್ ಮೇಲಿನಿಂದ ನೇರವಾಗಿ ತೂತಿಗೆ ಬರಬಾರದು. ತೂತಿಗಿಂತ ಒಂದು ಗೇಣು ಕೆಳಗೆ ಇಳಿದು, ಬಳಸಿ, ಕೆಳಗಿನಿಂದ ಮೇಲಕ್ಕೆ ಹತ್ತಿ ಒಳಗೆ ಹೋಗಬೇಕು. ಆಗ ನೀರು ಆ ತಿರುವಿನ ಅಡಿಯಲ್ಲೇ ತೊಟ್ಟಿಕ್ಕುತ್ತದೆ. ಖರ್ಚಿಲ್ಲದ ಕೆಲಸ, ಅರ್ಧ ರಕ್ಷಣೆ ಇದರಲ್ಲೇ ಇದೆ. ಸುರುಳಿ ಪೈಪ್ ಹಾಕಿದ್ದರೆ ಆ ತಿರುವಿನಲ್ಲಿ ಪೈಪಿನ ಸೀಳು ಕೆಳಮುಖವಾಗಿರಲಿ.

ವೈರ್ ಸುತ್ತ ಸಂದಿ ಇದ್ದರೆ ಎರಡೂ ಕಡೆ ತೆಳುವಾಗಿ ಸಿಲಿಕೋನ್ ಹಚ್ಚಿ, ರಾತ್ರಿಯಿಡೀ ಒಣಗಲು ಬಿಡಿ. ಕಲ್ಲಿನಂತೆ ಗಟ್ಟಿಯಾಗುವ ಎಂ-ಸೀಲ್ ಇಲ್ಲಿಗಲ್ಲ, ಗಾಡಿಯ ನಡುಕಕ್ಕೆ ಬಿರುಕು ಬಿಡುತ್ತದೆ. ಬರೀ ಇನ್ಸುಲೇಷನ್ ಟೇಪ್ ಕೂಡ ಸಾಲದು, ಬಿಸಿಗೆ ಅಂಟು ಕರಗಿ ಜಾರುತ್ತದೆ.

ಒಣಗಿದ ಮೇಲೆ ನೀರಿನ ಪರೀಕ್ಷೆ. ಕಾಲಿಡುವ ಜಾಗದಲ್ಲಿ ತೂತಿನ ಕೆಳಗೆ ಪೇಪರ್ ಹಾಸಿ. ಗ್ಲಾಸಿನ ಬುಡಕ್ಕೆ ಪೈಪಿನಲ್ಲಿ ಹತ್ತು ನಿಮಿಷ ಮೆಲ್ಲಗೆ ನೀರು ಬಿಡಿ, ಪಂಪಿನ ರಭಸ ಬೇಡ. ಪೇಪರ್‌ನಲ್ಲಿ ಒಂದು ಹನಿ ಕಂಡರೂ ಮತ್ತೆ ಮುಚ್ಚಬೇಕು. ಕಾರ್ಪೆಟ್ ಕೆಳಗೆ ಇಳಿದ ನೀರು ಮಳೆಗಾಲ ಮುಗಿಯುವ ತನಕ ಒಣಗುವುದಿಲ್ಲ.

ವೈರಿನ ದಾರಿ, ಫ್ಯೂಸ್, ಅರ್ತ್

ಎಕ್ಸಾಸ್ಟ್ ಮತ್ತು ಟರ್ಬೋದಿಂದ ಕನಿಷ್ಠ ಒಂದು ಗೇಣು ದೂರ. ಬ್ರೇಕ್ ಪೈಪ್, ಪೆಟ್ರೋಲ್ ಪೈಪ್, ಕ್ಲಚ್ ಕೇಬಲ್‌ಗೆ ಕಟ್ಟಬೇಡಿ. ಕಂಪನಿಯ ವೈರಿಂಗ್ ಹೋದ ದಾರಿಯಲ್ಲೇ ಹೋಗಿ, 15–20 ಸೆಂಟಿಮೀಟರ್‌ಗೆ ಒಂದು ಟೈ. ಒಳಗೆ ಪೆಡಲ್‌ಗಳ ಹತ್ತಿರ ವೈರ್ ಜೋತುಬೀಳಬಾರದು, ಇದು ಜೀವದ ಪ್ರಶ್ನೆ. ಕೈಯಲ್ಲಿ ಮೂರೂ ಪೆಡಲ್ ಪೂರ್ತಿ ಒತ್ತಿ, ಸ್ಟಿಯರಿಂಗ್ ಎರಡೂ ಕಡೆ ತಿರುಗಿಸಿ ನೋಡಿ.

ಫ್ಯೂಸ್ ಇರುವುದು ವೈರನ್ನು ಕಾಯಲು. ಹಾಗಾಗಿ ಅದು ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣಿನೊಳಗೆ ಇರಬೇಕು. ಒಳಗೆ ಸ್ವಿಚ್ ಹತ್ತಿರ ಹಾಕಿದರೆ ಫೈರ್‌ವಾಲ್‌ನಲ್ಲಿ ಶಾರ್ಟ್ ಆದಾಗ ಅದು ಲೆಕ್ಕಕ್ಕೇ ಬರುವುದಿಲ್ಲ. 1 ಚದರ ಮಿಲಿಮೀಟರ್ ವೈರಿಗೆ 10 ಆಂಪಿಯರ್‌ಗಿಂತ, 2.5ಕ್ಕೆ 20ಕ್ಕಿಂತ ದೊಡ್ಡ ಫ್ಯೂಸ್ ಬೇಡ. ಬ್ಲೇಡ್ ಫ್ಯೂಸ್‌ನಲ್ಲಿ ಕೆಂಪು 10, ನೀಲಿ 15, ಹಳದಿ 20, ಹಸಿರು 30. ಪದೇಪದೇ ಫ್ಯೂಸ್ ಹೋದರೆ ದೊಡ್ಡದು ಹಾಕುವುದಲ್ಲ, ಯಾಕೆ ಹೋಯಿತು ಅಂತ ಹುಡುಕುವುದು.

ಅರ್ತ್ ವೈರನ್ನು ಫೈರ್‌ವಾಲ್ ದಾಟಿಸಬೇಕಾಗಿಲ್ಲ. ಲ್ಯಾಂಪ್‌ಗೆ ಮುಂದೆಯೇ, ಆಂಪ್ಲಿಫೈಯರ್‌ಗೆ ಡಿಕ್ಕಿಯಲ್ಲೇ ಬಾಡಿಗೆ ಕೊಡಿ. ಪೇಂಟ್ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಬ್ಯಾಟರಿಯ ನೆಗೆಟಿವ್ ತುದಿಯಲ್ಲಿ ಸಣ್ಣ ಸೆನ್ಸಾರ್ ಇರುವ ಹೊಸ ಕಾರುಗಳಲ್ಲಿ ಆ ತುದಿಗೆ ನೇರ ಏನೂ ಜೋಡಿಸಬೇಡಿ, ಬಾಡಿಗೇ ಕೊಡಿ.

ಈಗ ಫ್ಯೂಸ್ ಇನ್ನೂ ಹಾಕದೆ, ಸ್ವಿಚ್ ಆಫ್ ಇಟ್ಟು, ರಿಲೇ ಕಿತ್ತಿಟ್ಟು, ಒಳಗೆ ತಂದ ವೈರ್ ಮತ್ತು ಬಾಡಿ ನಡುವೆ ಮಲ್ಟಿಮೀಟರ್ ಅನ್ನು ಬೀಪ್ ಸೆಟ್ಟಿಂಗ್‌ನಲ್ಲಿಟ್ಟು ಹಿಡಿಯಿರಿ. ಬೀಪ್ ಬರಬಾರದು. ಬಂದರೆ ಎಲ್ಲೋ ತಾಗಿದೆ. ಆಂಪ್ಲಿಫೈಯರ್ ಆದರೆ ಅದರ ಕಡೆಯ ತುದಿ ಬಿಚ್ಚಿಟ್ಟು ನೋಡಿ. ಸರಿಯಿದ್ದರೆ ರಿಲೇ ಕೂರಿಸಿ, ನೆಗೆಟಿವ್ ಜೋಡಿಸಿ, ಎಲ್ಲಕ್ಕಿಂತ ಕೊನೆಗೆ ಫ್ಯೂಸ್. ಎಂಜಿನ್ ಚಾಲೂ ಇಟ್ಟು ಲ್ಯಾಂಪ್ ಹತ್ತಿರ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ 14 ಇದ್ದು ಇಲ್ಲಿ 13.5ರ ಮೇಲೆ ಇದ್ದರೆ ಚೆನ್ನಾಗಿದೆ. ಪವರ್ ವಿಂಡೋ ತಾನಾಗಿ ಮೇಲೆ ಹೋಗದಿದ್ದರೆ ಗಾಬರಿ ಬೇಡ, ಮ್ಯಾನುಯಲ್ ನೋಡಿ ಮತ್ತೆ ಸೆಟ್ ಮಾಡಿಕೊಳ್ಳಿ.

ಒಂದು ತಿಂಗಳು ಓಡಿಸಿದ ಮೇಲೆ ಬಾನೆಟ್ ತೆರೆದು ವೈರ್ ತೂತಿನಲ್ಲಿ ಸರಿದಿದೆಯಾ, ಟೈ ಸಡಿಲವಾಗಿದೆಯಾ, ಇಲಿ ಹಲ್ಲಿನ ಗುರುತು ಇದೆಯಾ ನೋಡಿ. ಮಳೆಗಾಲ ಶುರುವಾಗುವ ಮೊದಲು, ಮೇ ತಿಂಗಳಲ್ಲಿ, ಪ್ರತಿ ವರ್ಷವೂ ಒಮ್ಮೆ. ಜೊತೆಗೆ ಒಂದು ಹಾಳೆಯಲ್ಲಿ ಯಾವ ಬಣ್ಣದ ವೈರ್ ಎಲ್ಲಿಂದ ಎಲ್ಲಿಗೆ, ಎಲ್ಲಿ ದಾಟಿದೆ, ಫ್ಯೂಸ್ ಎಷ್ಟರದ್ದು ಅಂತ ಬರೆದು ಗ್ಲೋವ್ ಬಾಕ್ಸ್‌ನಲ್ಲಿ ಇಡಿ. ಗಾಡಿ ಮುಂದೆ ಯಾರ ಕೈಗೆ ಹೋದರೂ, ಯಾವ ವರ್ಕ್‌ಶಾಪ್‌ನಲ್ಲಿ ಬಿಚ್ಚಿದರೂ, ಅವರು ಹುಡುಕುವ ಮೊದಲ ಮಾಹಿತಿ ಅದೇ.